ಇನ್ನೂ ಇಳಿಯದ ವಿಮಾನ

“ಈ ಫೋಟೊದ ಗಡಿಯಾರದಲ್ಲಿ ಹನ್ನೆರಡು ಇಪ್ಪತ್ತು. ಆ ಫೋಟೊದಲ್ಲಿ ಒಂದು ಗಂಟೆ ಐದು ನಿಮಿಷ.”

ಯಶೋಧರಮ್ಮ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಫ್ಲೆಕ್ಸಿಗೆ ಇನ್ನಷ್ಟು ಹತ್ತಿರ ಹೋದರು.

ಕೆ.ಆರ್. ಪೇಟೆಯ ಸಮುದಾಯ ಭವನದ ಬಾಗಿಲಿಗೆ ಕಟ್ಟಿದ್ದ ಹತ್ತಡಿ ಫ್ಲೆಕ್ಸು ಅದು. ಅದರಲ್ಲಿ ಎರಡು ಫೋಟೊ. ಎರಡರಲ್ಲೂ ನೆಲಬೀಜ ಪ್ರತಿಷ್ಠಾನದ ಅಧ್ಯಕ್ಷ ಮಹದೇವಸ್ವಾಮಿ ನೀಲಿ ತಗಡಿನ ಪೆಟ್ಟಿಗೆಯೊಂದನ್ನು ಎದೆಗಪ್ಪಿಕೊಂಡು ನಗುತ್ತಿದ್ದ. ಒಂದರ ಕೆಳಗೆ ‘ಟ್ರೋಮ್ಸೊ ವಿಮಾನ ನಿಲ್ದಾಣ’ ಎಂದಿತ್ತು, ಇನ್ನೊಂದರ ಕೆಳಗೆ ‘ಲಾಂಗ್‌ಇಯರ್‌ಬಿಯೆನ್ ವಿಮಾನ ನಿಲ್ದಾಣ’. ಮೇಲೆ ದಪ್ಪಕ್ಷರದಲ್ಲಿ: ‘ಉತ್ತರದ ಹಿಮಕ್ಕೆ ನಮ್ಮ ರಾಗಿ!’

“ಏನಕ್ಕ, ಬಸ್ಸಿನ ಬೋರ್ಡು ಓದ್ದಂಗೆ ಓದ್ತಾ ಇದ್ದೀರಲ್ಲ?” ಹಿಂದಿನಿಂದ ವಜೀರ್ ಪಾಷಾ ಕೇಳಿದ. ಶ್ರೀರಂಗಪಟ್ಟಣದಲ್ಲಿ ಬಾಡಿಗೆ ಕಾರು ಓಡಿಸುವವನು. ಯಶೋಧರಮ್ಮ ಪತ್ತೇದಾರಿಗೆ ಹೊರಟರೆಂದರೆ ಆ ದಿನ ಬೇರೆ ಬಾಡಿಗೆ ಒಪ್ಪಿಕೊಳ್ಳುತ್ತಿರಲಿಲ್ಲ.

“ಬೋರ್ಡೇ ಕಣೋ ಓದ್ತಿರೋದು. ಮೂವತ್ತೊಂದು ವರ್ಷ ಅದೇ ತಾನೆ ನನ್ನ ಕೆಲಸ?”

ಅದು ನಿಜ. ಪಾಂಡವಪುರದ ಬಸ್‌ಸ್ಟ್ಯಾಂಡಿನ ಗಾಜಿನ ಗೂಡಿನಲ್ಲಿ ಕಂಟ್ರೋಲರ್ ಆಗಿ ಕೂತಿದ್ದ ಯಶೋಧರಮ್ಮ ನಿವೃತ್ತರಾಗಿ ಒಂದು ವರ್ಷ. ಯಾವ ಬಸ್ಸು ಯಾವ ಊರು ಬಿಟ್ಟರೆ ಯಾವ ಊರಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಎನ್ನುವುದು ಅವರಿಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು. ನಾಲ್ಕು ತಾಲ್ಲೂಕಿನ ಜನ ಈಗಲೂ ಅವರನ್ನು ಕರೆಯುವುದು ‘ಕಂಟ್ರೋಲರಮ್ಮ’ ಎಂದೇ.

ಹೊಣಕೆರೆಯ ಮಂಚಮ್ಮ “ನನ್ನ ರಾಗಿ ಎಲ್ಲೈತೆ ಅಂತ ಉಡುಕ್ಕೊಡಿ ಕಂಟ್ರೋಲರಮ್ಮ” ಎಂದು ಅವರ ಮನೆ ಬಾಗಿಲಿಗೆ ಬಂದು ಇಂದಿಗೆ ಎಂಟು ದಿನವಾಗಿತ್ತು.

ಮಂಚಮ್ಮನದು ಗುಬ್ಬಿಕಾಲು ರಾಗಿ. ತೆನೆ ಗುಬ್ಬಿಯ ಕಾಲಿನಂತೆ ಮಡಚಿಕೊಂಡಿರುತ್ತಿದ್ದರಿಂದ ಆ ಹೆಸರು. ಅವಳ ತಾಯಿ ಬಿತ್ತುತ್ತಿದ್ದ ತಳಿ. ಸುತ್ತಲ ಊರುಗಳಲ್ಲಿ ಎಲ್ಲರೂ ಬಿಟ್ಟ ಮೇಲೂ ಮಂಚಮ್ಮ ಒಬ್ಬಳೇ ವರ್ಷ ವರ್ಷ ಬಿತ್ತಿ ಉಳಿಸಿಕೊಂಡಿದ್ದಳು. ಉತ್ತರದ ಕೊನೆಯಲ್ಲಿ ಒಂದು ಊರಿದೆ, ಅಲ್ಲಿ ಬೆಟ್ಟದೊಳಗೆ ಕೊರೆದು ಜಗತ್ತಿನ ಬೀಜಗಳನ್ನೆಲ್ಲ ಹಿಮದ ತಂಪಿನಲ್ಲಿ ಕಾಪಾಡುತ್ತಾರೆ, ನಿನ್ನ ರಾಗಿಯನ್ನೂ ನಾನೇ ಒಯ್ದು ಇಟ್ಟು ಬರುತ್ತೇನೆ ಎಂದು ಮಹದೇವಸ್ವಾಮಿ ಮೇ ತಿಂಗಳಲ್ಲಿ ಅವಳ ಬಳಿ ಬಂದಿದ್ದ. ನಮ್ಮೂರ ಹುಡುಗ ಎಂದು ನಂಬಿ ಮಂಚಮ್ಮ ಒಂದು ಕಾಳೂ ಉಳಿಸಿಕೊಳ್ಳದೆ ಐದು ಸೇರು ಬಿತ್ತನೆಯನ್ನು ಪೆಟ್ಟಿಗೆ ಸಮೇತ ಕೊಟ್ಟಿದ್ದಳು. ಅರ್ಧ ಹಿಮಕ್ಕೆ, ಅರ್ಧ ವಾಪಸ್ಸು ಎಂದು ಮಾತಾಗಿತ್ತು.

ಈಗ ಬಿತ್ತನೆಯ ಕಾಲ. ಕೇಳಹೋದರೆ ಮಹದೇವಸ್ವಾಮಿ, “ಎಲ್ಲಾ ಒಳಗೆ ಸೇರ್ಕೊಂಡ್ಬುಡ್ತು ಮಂಚಕ್ಕ. ಈಚೆಗೆ ತೆಗೆಯಂಗಿಲ್ಲ” ಎಂದು ಕೈ ಮುಗಿದುಬಿಟ್ಟಿದ್ದ.

ಇವತ್ತು ಅದಕ್ಕಿಂತ ದೊಡ್ಡ ಕೆಲಸವಿತ್ತು. ಸಂತೆಬಾಚಹಳ್ಳಿ, ಹೊಣಕೆರೆ, ಮೇಲುಕೋಟೆ ಕಡೆಯ ನಲವತ್ತು ಹೆಂಗಸರು ತಮ್ಮ ತಮ್ಮ ಮನೆಯ ಹಳೇ ಬೀಜಗಳನ್ನು ಗಂಟು ಕಟ್ಟಿಕೊಂಡು ಬರುತ್ತಿದ್ದರು. ಹಿಮಕ್ಕೆ ಹೋಗಿ ಬಂದ ಮಹದೇವಸ್ವಾಮಿಗೆ ಸನ್ಮಾನ. ಸನ್ಮಾನ ಮುಗಿದ ಕೂಡಲೇ ಬೀಜದ ಗಂಟುಗಳ ಹಸ್ತಾಂತರ.

“ಹನ್ನೊಂದಕ್ಕೆ ಕಾರ್ಯಕ್ರಮ. ಈಗ ಹತ್ತೂಕಾಲು,” ಎಂದರು ಯಶೋಧರಮ್ಮ. “ನಿನ್ನ ಮಗಳಿಗೆ ಫೋನ್ ಮಾಡು ಪಾಷಾ.”

ವಜೀರ್ ಪಾಷಾನ ಮಗಳು ಯಾಸ್ಮೀನ್ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನಲ್ಲಿದ್ದಳು. ಎರಡನೇ ರಿಂಗಿಗೇ ಎತ್ತಿದಳು.

“ಅಬ್ಬಾ, ಡ್ಯೂಟಿಲಿದ್ದೀನಿ. ಎರಡೇ ನಿಮಿಷ.”

“ಬೇಟಿ, ಯಶೋಧರಕ್ಕ ಏನೋ ಕೇಳ್ಬೇಕಂತೆ. ಸ್ಪೀಕರಿಗೆ ಹಾಕಿದ್ದೀನಿ.”

“ಯಾಸ್ಮೀನ್, ಟ್ರೋಮ್ಸೊ ಅಂತ ಒಂದು ಊರು, ನಾರ್ವೆಲಿ. ಅಲ್ಲಿಂದ ಲಾಂಗ್... ಲಾಂಗಿ...” ಯಶೋಧರಮ್ಮ ಫ್ಲೆಕ್ಸು ನೋಡಿಕೊಂಡು ಅಕ್ಷರ ಅಕ್ಷರ ಜೋಡಿಸಿದರು.

“ಲಾಂಗೂರು ಅನ್ನಿ ಅಕ್ಕ, ಸಾಕು,” ಎಂದ ವಜೀರ್ ಪಾಷಾ.

ಆ ಕಡೆ ಕೀಬೋರ್ಡಿನ ಟಕಟಕ ಕೇಳಿಸಿತು. “ಸಿಕ್ತು ಆಂಟಿ. ಅಯ್ಯಪ್ಪಾ, ಭೂಪಟದಲ್ಲಿ ತುತ್ತತುದಿಲಿ ಇದೆ! ಎರಡರ ಮಧ್ಯೆ ಬರೀ ಸಮುದ್ರ. ಸುಮಾರು ಒಂಬೈನೂರ ಅರವತ್ತು ಕಿಲೋಮೀಟರ್.”

“ಹಾರೋಕೆ ಎಷ್ಟು ಹೊತ್ತು?”

“ಒಂದು ಗಂಟೆ ನಲವತ್ತು ನಿಮಿಷದ ಆಸುಪಾಸು.”

“ನೂರು ನಿಮಿಷ,” ಎಂದರು ಯಶೋಧರಮ್ಮ. “ಇನ್ನೊಂದೇ ಪ್ರಶ್ನೆ. ಎರಡೂ ಊರಿನ ಗಡಿಯಾರ ಒಂದೇನಾ? ದುಬೈಗೂ ನಮಗೂ ಇದ್ದಂಗೆ ಏನಾದ್ರೂ ಹೆಚ್ಚುಕಮ್ಮಿ ಇದೆಯಾ?”

“ಇಲ್ಲ ಆಂಟಿ. ಎರಡೂ ಕಡೆ ಒಂದೇ ಟೈಮು. ನಮಗಿಂತ ಈಗ ಮೂರೂವರೆ ಗಂಟೆ ಹಿಂದೆ. ಯಾಕೆ, ಹೋಗ್ತಿದ್ದೀರಾ? ಅಬ್ಬಾಗೆ ಸ್ವೆಟರ್ ಇಲ್ಲ!”

ವಜೀರ್ ಪಾಷಾ ಗಟ್ಟಿಯಾಗಿ ನಕ್ಕು ಫೋನಿಟ್ಟ. ಯಶೋಧರಮ್ಮ ಮಾತ್ರ ನಗಲಿಲ್ಲ. ಎರಡೂ ಫೋಟೊದ ಹಿಂದಿದ್ದ ಬೋರ್ಡುಗಳಲ್ಲಿ ತಾರೀಖು ಒಂದೇ: ಮೇ ಇಪ್ಪತ್ತೆರಡು. ಒಂಬೈನೂರ ಅರವತ್ತು ಕಿಲೋಮೀಟರು. ನಲವತ್ತೈದು ನಿಮಿಷ.

“ನಿನ್ನ ಫೋನಿಂದ ಆ ಎರಡನೇ ಫೋಟೊ ತೆಗಿ. ಆ ಸತ್ತ ಕರಡಿಯ ತಲೆ ಮೇಲಿದೆಯಲ್ಲ, ಆ ಬೋರ್ಡು. ದೊಡ್ಡದು ಮಾಡು.”

ಎರಡನೇ ಫೋಟೊದಲ್ಲಿ ಸಾಮಾನು ಬರುವ ಪಟ್ಟಿಯ ನಡುವೆ ಹುಲ್ಲು ತುಂಬಿದ ಬಿಳಿ ಹಿಮಕರಡಿಯೊಂದು ನಿಂತಿತ್ತು. ಅದರ ಹಿಂದುಗಡೆ, ಬರುವ ವಿಮಾನಗಳ ಬೋರ್ಡು. ವಜೀರ್ ಪಾಷಾ ಬೆರಳಿನಿಂದ ಎಳೆದೆಳೆದು ದೊಡ್ಡದು ಮಾಡಿದ. ಮೊದಲನೇ ಸಾಲು ಮಸುಕು ಮಸುಕಾಗಿ ಕಂಡಿತು.

ಯಶೋಧರಮ್ಮ ಅದನ್ನು ಎರಡು ಸಲ ಓದಿದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ಇದನ್ನು ಕಂಡರೆ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು.

“ನಡಿ ಒಳಗೆ,” ಎಂದರು.

*

ಒಳಗೆ ಮದುವೆ ಮನೆಯ ಗದ್ದಲ. ನಲವತ್ತು ಹೆಂಗಸರು, ನಲವತ್ತು ಗಂಟು. ಹುರುಳಿ, ಅವರೆ, ನವಣೆ, ಕೆಂಪು ಭತ್ತ. ಯಾರದು ಯಾವುದು ಎಂದು ಒಬ್ಬರ ಗಂಟಿಗೆ ಇನ್ನೊಬ್ಬರು ಮೂಗಿಟ್ಟು ಮೂಸುತ್ತಿದ್ದರು. ಸಂತೆಬಾಚಹಳ್ಳಿಯ ಪುಟ್ಟಲಕ್ಷ್ಮಮ್ಮ ತನ್ನ ಅವರೆಕಾಳಿನ ಮೇಲೆ ಆಗಲೇ ಒಂದು ಸೋಬಾನೆ ಕಟ್ಟಿ ಹಾಡಿಬಿಟ್ಟಿದ್ದಳು. ಹಿಂದಿನ ಅಡುಗೆಮನೆಯಿಂದ ಶಾವಿಗೆ ಪಾಯಸದ ಘಮ ಬರುತ್ತಿತ್ತು.

ಮಂಚಮ್ಮ ಮಾತ್ರ ಕೊನೇ ಸಾಲಿನಲ್ಲಿ ಖಾಲಿ ಕೈಯಲ್ಲಿ ಕೂತಿದ್ದಳು. ಯಶೋಧರಮ್ಮನನ್ನು ಕಂಡು ಎದ್ದಳು.

“ಏನಾರ ಗೊತ್ತಾಯ್ತಾ ಅವ್ವ?”

“ಆಗೋ ಹಂಗಿದೆ. ನೀವು ಮುಂದಿನ ಸಾಲಿಗೆ ಬಂದು ಕೂತ್ಕೊಳ್ಳಿ.”

“ನಾನು ಯಾಕವ್ವ ಮುಂದ್ಕೆ? ಕೊಡಕ್ಕೆ ನನ್ನತ್ರ ಏನೂ ಇಲ್ವಲ್ಲ.”

“ತಗೊಳ್ಳೋಕಿದೆ. ಬನ್ನಿ.”

ವೇದಿಕೆಯ ಮೇಲೆ ಮಹದೇವಸ್ವಾಮಿ ಮೈಸೂರು ಪೇಟ ಸರಿಮಾಡಿಕೊಳ್ಳುತ್ತಿದ್ದ. ಐವತ್ತರ ಸುಮಾರಿನವನು, ತುಂಬಿದ ಕೆನ್ನೆ, ಸದಾ ನಗುವ ಬಾಯಿ. ಪಕ್ಕದಲ್ಲಿ ಫೋಟೊ ಸ್ಟುಡಿಯೋದ ಸಂತೋಷ್ ಕ್ಯಾಮರಾ ಹಿಡಿದು ನಿಂತಿದ್ದ. ಫ್ಲೆಕ್ಸು ಮಾಡಿಕೊಟ್ಟಿದ್ದವನೂ ಅವನೇ. ಕಂಟ್ರೋಲರಮ್ಮ ಮೆಟ್ಟಿಲು ಹತ್ತುವುದನ್ನು ಕಂಡ ಸಂತೋಷನ ಕ್ಯಾಮರಾ ಸ್ವಲ್ಪ ಕೆಳಗಿಳಿಯಿತು. ಅದನ್ನು ಯಶೋಧರಮ್ಮ ಗಮನಿಸಿದರು.

“ಬನ್ನಿ ಮೇಡಂ, ಬನ್ನಿ!” ಮಹದೇವಸ್ವಾಮಿ ಎದ್ದು ನಿಂತ. “ನೀವು ಬಂದಿದ್ದು ನಮ್ಮ ಭಾಗ್ಯ. ಎರಡು ಮಾತಾಡಿ.”

“ಎರಡೇ ಮಾತು,” ಎನ್ನುತ್ತ ಅವರು ಮೈಕಿನ ಮುಂದೆ ನಿಂತರು. ಗಂಟಲು ಸರಿಮಾಡಿಕೊಂಡರು.

“ಪ್ರಯಾಣಿಕರ ಗಮನಕ್ಕೆ.”

ಸಭೆ ಥಟ್ಟನೆ ತಲೆ ಎತ್ತಿತು. ಮೂವತ್ತೊಂದು ವರ್ಷ ಕೇಳಿದ ದನಿ! ಯಾರೋ ಚಪ್ಪಾಳೆ ಹೊಡೆದರು. ಪುಟ್ಟಲಕ್ಷ್ಮಮ್ಮ ಅಭ್ಯಾಸಬಲದಿಂದ ತನ್ನ ಗಂಟು ಎತ್ತಿಕೊಂಡು ಎದ್ದೇಬಿಟ್ಟಳು. ಇಡೀ ಭವನ ಗೊಳ್ಳೆಂದಿತು.

“ಟ್ರೋಮ್ಸೊದಿಂದ ಲಾಂಗೂರಿಗೆ ಹೋಗುವ ವಿಮಾನ ಹನ್ನೆರಡೂವರೆಗೆ ಹೊರಡುತ್ತದೆ. ಮೊದಲನೇ ಫೋಟೊದ ಬೋರ್ಡಿನಲ್ಲಿ ಹಾಗಂತ ಬರೆದಿದೆ. ಮಹದೇವಸ್ವಾಮಿಯವರೇ, ನೀವು ಹತ್ತಿದ್ದು ಅದೇ ವಿಮಾನ ತಾನೆ?”

“ಅದೇ, ಅದೇ.” ಅವನು ಹಿಗ್ಗಿದ. “ಕಿಟಕಿ ಪಕ್ಕದ ಸೀಟು.”

“ಹಾರಿದ್ದು ಎಷ್ಟು ಹೊತ್ತು?”

“ಆಂ... ಒಂದರ್ಧ ಗಂಟೆ ಮೇಡಂ. ಇಂಗೆ ಏರಿ ಅಂಗೆ ಇಳಿದ್ಬುಟ್ಟೆವು.”

“ದೂರ ಒಂಬೈನೂರ ಅರವತ್ತು ಕಿಲೋಮೀಟರು. ವಿಮಾನದ ಲೆಕ್ಕ ನೂರು ನಿಮಿಷ. ಹನ್ನೆರಡೂವರೆಗೆ ಬಿಟ್ಟದ್ದು ಒಂದು ಐದಕ್ಕೆ ಹೆಂಗೆ ತಲುಪ್ತು? ಎರಡನೇ ಫೋಟೊದ ಗಡಿಯಾರ ಒಂದು ಐದು ಅಂತಿದೆ.”

ಮಹದೇವಸ್ವಾಮಿಯ ನಗು ಅಲ್ಲೇ ಇತ್ತು, ಆದರೆ ಅದರೊಳಗಿಂದ ಗಾಳಿ ಹೋದಂತಿತ್ತು.

“ಅದೂ... ಆ ದೇಶದ ಟೈಮೇ ಬೇರೆ ಮೇಡಂ. ಊರಿಂದೂರಿಗೆ ಗಡಿಯಾರ ಹಿಂದೆ ಮುಂದೆ ಆಯ್ತದೆ.”

“ಎರಡೂ ಊರಿಗೂ ಒಂದೇ ಗಡಿಯಾರ. ವಿಚಾರಿಸಿದ್ದೀನಿ.”

“ಅಂಗಾರೆ ಆ ಕಡೆ ಗಾಳಿ ಜೋರು. ಇಂದ್ಲಿಂದ ನೂಕ್ಬುಡ್ತದೆ.”

“ಯಾ ಅಲ್ಲಾ!” ಕೆಳಗಿನಿಂದ ವಜೀರ್ ಪಾಷಾ ಕೂಗಿದ. “ಅಂಥ ಗಾಳಿ ನಮ್ಮ ಕಡೆಗೂ ಸ್ವಲ್ಪ ಕಳಿಸ್ರಣ್ಣ. ಡೀಸೆಲ್ ಉಳಿಸ್ಕೋತೀನಿ!”

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮಹದೇವಸ್ವಾಮಿಯೂ ನಗಲು ನೋಡಿದ. ಪೇಟ ಜಾರಿ ಕಣ್ಣಿಗೆ ಬಂತು.

“ಗಡಿಯಾರ ಕೆಟ್ಟಿರಬೌದು ಮೇಡಂ. ವಿದೇಶದಾಗೂ ಕೆಡ್ತವೆ.”

“ಆಗಲಿ, ಗಡಿಯಾರ ಬಿಟ್ಟುಬಿಡೋಣ.” ಯಶೋಧರಮ್ಮ ವಜೀರ್ ಪಾಷಾನ ಫೋನು ಎತ್ತಿ ಹಿಡಿದರು. “ಕರಡಿಯ ತಲೆ ಮೇಲೆ ಒಂದು ಬೋರ್ಡಿದೆ. ಬರುವ ವಿಮಾನಗಳದ್ದು. ಮೊದಲನೇ ಸಾಲು ಓದ್ತೀನಿ ಕೇಳಿ. ಟ್ರೋಮ್ಸೊ. ಬರುವ ವೇಳೆ ಎರಡು ಹತ್ತು.”

ಅವರು ಫೋನನ್ನು ಮಹದೇವಸ್ವಾಮಿಯ ಕಡೆ ತಿರುಗಿಸಿದರು.

“ನೀವು ಬಂದಿಳಿದೆ ಅಂತ ಪೆಟ್ಟಿಗೆ ಹಿಡ್ಕೊಂಡು ನಗ್ತಾ ಇದ್ದೀರಿ. ನೀವು ಬಂದ ಬಸ್ಸು ಇನ್ನೂ ಸ್ಟ್ಯಾಂಡಿಗೇ ಬಂದಿಲ್ವಲ್ಲಪ್ಪ!”

ಭವನದಲ್ಲಿ ಎದ್ದ ನಗೆಗೆ ಅಡುಗೆಯವರು ಸೌಟು ಹಿಡಿದೇ ಹೊರಗೆ ಓಡಿ ಬಂದರು.

ನಗದೇ ಇದ್ದವಳು ಮಂಚಮ್ಮ ಒಬ್ಬಳೇ. ಅವಳು ಮೆಟ್ಟಿಲು ಹತ್ತಿ ಮಹದೇವಸ್ವಾಮಿಯ ಎದುರು ನಿಂತಳು.

“ಲೇ ಸ್ವಾಮಿ,” ಎಂದಳು. ದನಿ ದೊಡ್ಡದಾಗಿರಲಿಲ್ಲ. “ನೀ ಸುಳ್ಳೇಳಿದ್ದು ಅಂಗಿರ್ಲಿ ಬುಡು. ನನ್ನ ರಾಗಿ ಇದ್ದದೋ ಇಲ್ವೋ? ಅಷ್ಟೇಳು.”

ಅವನು ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಐತೆ ಮಂಚಕ್ಕ.”

“ಎಲ್ಲಿ?”

“ಇಲ್ಲೇ. ಪ್ರತಿಷ್ಠಾನದ ಆಪೀಸ್‌ನಾಗೆ. ಬೀರು ಮೇಲೆ.”

*

ಆಫೀಸು ಭವನದ ಎದುರಿಗೇ ಇತ್ತು. ಕಾವಲಿನ ಚಿಕ್ಕಸ್ವಾಮಿ ಬೀಗ ತೆಗೆದ. ಬೀರುವಿನ ಮೇಲೆ, ಹಳೇ ಬ್ಯಾನರುಗಳ ಅಡಿಯಲ್ಲಿ, ನೀಲಿ ತಗಡಿನ ಪೆಟ್ಟಿಗೆ ಕೂತಿತ್ತು. ವಜೀರ್ ಪಾಷಾ ಕುರ್ಚಿ ಹತ್ತಿ ಇಳಿಸಿದ.

ಮಂಚಮ್ಮ ಮುಚ್ಚಳ ತೆಗೆದಳು. ಕೈ ಒಳಗೆ ಬಿಟ್ಟಳು. ಮುಷ್ಟಿ ತುಂಬ ತೆಗೆದು ಅಂಗೈ ಮೇಲೆ ಹರಡಿ, ಊದಿ, ಎರಡು ಕಾಳು ಬಾಯಿಗೆ ಹಾಕಿಕೊಂಡು ಮುಂಬಲ್ಲಿನಲ್ಲಿ ಕಡಿದಳು.

ಬಾಗಿಲಲ್ಲಿ ತುಂಬಿಕೊಂಡಿದ್ದ ಹೆಂಗಸರು ಕತ್ತು ಚಾಚಿ ನೋಡುತ್ತಿದ್ದರು.

“ನಂದೇ ಕಣ್ರವ್ವ,” ಎಂದಳು ಮಂಚಮ್ಮ. ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪುಟ್ಟಲಕ್ಷ್ಮಮ್ಮ ಅಲ್ಲೇ ನಿಂತ ನಿಲುವಿನಲ್ಲಿ ಗುಬ್ಬಿಕಾಲು ರಾಗಿಯ ಮೇಲೆ ಹಾಡು ಎತ್ತಿದಳು. ಉಳಿದವರು ಸೊಲ್ಲು ಸೇರಿಸಿದರು. ವಜೀರ್ ಪಾಷಾ ಕುರ್ಚಿಯ ಮೇಲೆ ನಿಂತೇ ತಾಳ ಹಾಕಿದ.

ಮಹದೇವಸ್ವಾಮಿ ಗೋಡೆಗೆ ಒರಗಿ ನಿಂತು ಒಂದೊಂದಾಗಿ ಒಪ್ಪಿಕೊಂಡ. ಹಿಮದ ಊರಿಗೆ ಹೋಗುತ್ತೇನೆ ಎಂದು ಊರಿಗೆಲ್ಲ ಸಾರಿದ ಮೇಲೆ ವೀಸಾ ಸಿಗಲಿಲ್ಲ. ಬೀಳ್ಕೊಡುಗೆ ಆಗಿಹೋಗಿತ್ತು. ಹಾರ ಹಾಕಿಸಿಕೊಂಡಾಗಿತ್ತು. ವಾಪಸ್ಸು ಬರಲು ಮುಖವಿರಲಿಲ್ಲ.

“ಮತ್ತೆ ಹಿಮಕ್ಕೆ ಹೋಗಿದ್ದೆ ಅಂದ ಆ ಹತ್ತು ದಿನ ಎಲ್ಲಿದ್ರಿ?” ಯಶೋಧರಮ್ಮ ಕೇಳಿದರು.

“ಮೇಲುಕೋಟೆಲಿ. ಒಂದು ಛತ್ರದಾಗೆ.”

“ಏನ್ ಮಾಡ್ತಿದ್ರಿ?”

“ಪುಳಿಯೋಗರೆ ತಿನ್ಕೊಂಡಿದ್ದೆ ಮೇಡಂ.”

“ಉತ್ತರಕ್ಕೆ ಓಯ್ತೀನಿ ಅಂದು ಬೆಟ್ಟ ಅತ್ತವ್ನೆ ನೋಡ್ರವ್ವ!” ಎಂದಳು ಪುಟ್ಟಲಕ್ಷ್ಮಮ್ಮ. ಮತ್ತೆ ನಗೆ.

ಪೊಲೀಸರಿಗೆ ಹೇಳೋಣ ಎಂದರು ಕೆಲವರು. ಮಂಚಮ್ಮ ಕೈ ಅಡ್ಡ ಮಾಡಿದಳು.

“ಪೋಲೀಸು ಬ್ಯಾಡ. ನಾಳೆ ಬೆಳಗ್ಗೆ ಬಂದು ನಮ್ಮ ಒಲದಾಗೆ ಕೂರಿಗೆ ಇಡೀಲಿ. ಪೂರಾ ಒಂದೆಕರೆ ಬಿತ್ಲಿ. ಇವತ್ತು ಇಲ್ಲಿ ಬಂದೋರ್ಗೆಲ್ಲ ಅವನೇ ಪಾಯಸ ಬಡಿಸ್ಲಿ. ಆಮ್ಯಾಕೆ ನೋಡವ.”

ತೀರ್ಪು ಎಲ್ಲರಿಗೂ ಒಪ್ಪಿಗೆಯಾಯಿತು. ನಲವತ್ತು ಗಂಟುಗಳು ಅವರವರ ಮಡಿಲಿಗೇ ವಾಪಸ್ಸಾದವು. ಅಷ್ಟೇ ಅಲ್ಲ, ಊಟಕ್ಕೆ ಕೂರುವ ಮೊದಲೇ ಹೆಂಗಸರು ತಮ್ಮತಮ್ಮಲ್ಲೇ ಬೀಜ ಬದಲಾಯಿಸಿಕೊಳ್ಳಲು ಶುರುಮಾಡಿದರು. ಒಬ್ಬರ ಮನೆಯಲ್ಲಿ ಹೋದರೆ ಇನ್ನೊಬ್ಬರ ಮನೆಯಲ್ಲಿ ಇರಲಿ ಎಂದು. ಹುರುಳಿಗೆ ನವಣೆ, ಅವರೆಗೆ ಕೆಂಪು ಭತ್ತ. ಮಂಚಮ್ಮ ಐದು ಸೇರಿನಲ್ಲಿ ಎರಡು ಸೇರನ್ನು ಹಿಡಿ ಹಿಡಿಯಾಗಿ ಎಲ್ಲರಿಗೂ ಹಂಚಿಬಿಟ್ಟಳು. ಸೇರು ಅಳೆದು ಕೊಡು ಎಂದರೆ ಕೇಳಲಿಲ್ಲ.

ಎಲೆ ಹಾಕಿದರು. ಮಹದೇವಸ್ವಾಮಿ ರೇಷ್ಮೆ ಪಂಚೆ ಎತ್ತಿ ಕಟ್ಟಿ ಬಕೆಟ್ಟು ಹಿಡಿದ. ಮೊದಲ ಎಲೆಗೆ ತಲೆ ಎತ್ತದೆ ಬಡಿಸಿದ. ನಾಲ್ಕನೇ ಎಲೆಗೆ ಬರುವಷ್ಟರಲ್ಲಿ “ಇನ್ನೊಂದು ಸೌಟು ಆಕ್ಲಾ ಉತ್ತರದ ಸ್ವಾಮಿ!” ಎಂಬ ಕೂಗಿಗೆ ಅವನೂ ನಕ್ಕ.

*

“ಅಕ್ಕ, ಎಲೆ ಮುಂದೆ ಕೂತು ಯಾಕೆ ಸುಮ್ನೆ ಇದ್ದೀರಿ?” ವಜೀರ್ ಪಾಷಾ ಹಪ್ಪಳ ಮುರಿಯುತ್ತ ಕೇಳಿದ. “ಕೇಸ್ ಖತಂ ಆಯ್ತಲ್ಲ.”

“ಆಗಿಲ್ಲ ಪಾಷಾ.”

“ಇನ್ನೇನು?”

“ಸುಳ್ಳು ಫೋಟೊ ಮಾಡೋನು ಎಲ್ಲಿಂದಲೋ ಎರಡು ಫೋಟೊ ಎತ್ಕೋತಾನೆ. ಆ ಎರಡರಲ್ಲೂ ಒಂದೇ ತಾರೀಖು ಹೆಂಗೆ ಇರುತ್ತೆ? ಎರಡು ಬೋರ್ಡಲ್ಲೂ ಅದೇ ಒಂದು ವಿಮಾನ ಹೆಂಗೆ ಇರುತ್ತೆ? ಒಂದರಲ್ಲಿ ಹತ್ತೋಕೆ ನಿಂತೋರು. ಇನ್ನೊಂದರಲ್ಲಿ ಅದೇ ವಿಮಾನ ಬರಲಿ ಅಂತ ಒಂದು ಗಂಟೆ ಮುಂಚೆಯೇ ಬಂದು ಕಾಯ್ತಾ ಇರೋರು.” ಯಶೋಧರಮ್ಮ ಎಲೆಯ ಅಂಚಿನಲ್ಲಿ ಬೆರಳಿನಿಂದ ಎರಡು ಚುಕ್ಕಿ ಇಟ್ಟರು. “ಬಸ್‌ಸ್ಟ್ಯಾಂಡಲ್ಲಿ ಇದನ್ನ ದಿನಾ ನೋಡಿದ್ದೀನಿ. ಈ ಊರಲ್ಲಿ ಒಬ್ಬರು ಹೊರಡ್ತಾರೆ. ಆ ಊರಲ್ಲಿ ಒಬ್ಬರು ಕಾಯ್ತಿರ್ತಾರೆ. ಈ ಫೋಟೊದಲ್ಲಿ ಇದ್ದದ್ದು ಇಬ್ಬರು. ಒಬ್ಬರಿಗೊಬ್ಬರು ಬೇಕಾದ ಇಬ್ಬರು.”

ವಜೀರ್ ಪಾಷಾ ಹಪ್ಪಳ ಕೆಳಗಿಟ್ಟ.

“ಆ ಇಬ್ಬರ ಮುಖದ ಮೇಲೂ ಮಹದೇವಸ್ವಾಮಿ ಮುಖ ಅಂಟಿಸಿದ್ದಾರೆ. ಕರಿ ಆ ಸಂತೋಷನ್ನ.”

ಸಂತೋಷ್ ದೂರದ ಎಲೆಯಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದ. ಕೈ ತೊಳೆದು ಬಂದು ನಿಂತ. ಅವನನ್ನು ಅಂಗಳದ ನೆರಳಿಗೆ ಕರೆದೊಯ್ದರು.

“ಮೇಡಂ, ಅಣ್ಣ ಮಾಡ್ಕೊಡು ಅಂದ್ರು, ಮಾಡ್ಕೊಟ್ಟೆ. ಮುಖ ಅಂಟಿಸ್ದೆ, ಪೆಟ್ಟಿಗೆ ಅಂಟಿಸ್ದೆ, ಸೊಂಟದ ಕೆಳಗೆ ಕತ್ತರಿಸ್ದೆ. ಇಷ್ಟು ದೊಡ್ಡದಾಯ್ತದೆ ಅಂತ ಗೊತ್ತಿರ್ಲಿಲ್ಲ.”

“ಬೈಯೋಕೆ ಕರೆದಿಲ್ಲಪ್ಪ. ಮೂಲ ಫೋಟೊ ಎಲ್ಲಿಂದ ಬಂತು?”

“ಪ್ರತಿಷ್ಠಾನದ ಮೇಲ್‌ಗೆ ಬಂದಿತ್ತು. ಅಣ್ಣ ನಂಗೆ ಕಳಿಸಿದ್ರು. ಹಿಮದ ಊರಿಗೆ ಹೊಣಕೆರೆ ಮಂಚಮ್ಮನ ರಾಗಿ ತಗೊಂಡು ಹೋಗ್ತೀನಿ ಅಂತ ಅಣ್ಣ ಫೇಸ್‌ಬುಕ್ಕಿಗೆ ಹಾಕಿದ್ರಲ್ಲ, ಅದನ್ನ ನೋಡಿ ಆ ಊರಿಂದಲೇ ಯಾರೋ ಬರೆದಿದ್ರು. ಕನ್ನಡದಲ್ಲಿ.”

ಯಶೋಧರಮ್ಮನ ಹುಬ್ಬು ಮೇಲೇರಿತು. “ಕನ್ನಡದಲ್ಲಿ?”

“ಹೂಂ ಮೇಡಂ. ಇನ್ನೂ ನನ್ನತ್ರ ಐತೆ.”

ಅವನು ಫೋನು ತೆಗೆದು ಮೇಲೆ ಕೆಳಗೆ ಸರಿಸಿ ಅವರ ಕೈಗೆ ಕೊಟ್ಟ. ಎರಡೇ ಸಾಲಿನ ಪತ್ರ:

‘ಈ ಎರಡು ಫೋಟೊಗಳನ್ನು ದಯವಿಟ್ಟು ಹೊಣಕೆರೆಯ ಮಂಚಮ್ಮನವರಿಗೆ ತೋರಿಸಿ. ಗುರುತು ಹಿಡಿದರೆ ನಮಗೆ ತಿಳಿಸಿ, ಹಿಡಿಯದಿದ್ದರೆ ತೊಂದರೆಯಿಲ್ಲ.’

ಮೊದಲ ಫೋಟೊ, ಟ್ರೋಮ್ಸೊ. ಮಹದೇವಸ್ವಾಮಿಯ ಮುಖವಿದ್ದ ಜಾಗದಲ್ಲಿ ಇಪ್ಪತ್ತೈದರ ಒಬ್ಬ ಹುಡುಗಿ. ಗುಂಗುರು ಕೂದಲು, ಕರಿ ಜಾಕೆಟ್ಟು, ಕೈಯಲ್ಲಿ ಪೆಟ್ಟಿಗೆಯಲ್ಲ, ಹೂವಿನ ಗೊಂಚಲು.

ಎರಡನೇ ಫೋಟೊ, ಲಾಂಗೂರು. ಬಿಳಿ ಕರಡಿಯ ಮುಂದೆ ದಪ್ಪ ಜಾಕೆಟ್ಟು ತೊಟ್ಟ ವಯಸ್ಸಾದ ಹೆಂಗಸು. ಜಾಕೆಟ್ಟಿನ ಕೆಳಗೆ ಹಸಿರು ಸೀರೆಯ ನೆರಿಗೆ. ಎದೆಯ ಮುಂದೆ ರಟ್ಟಿನ ಹಲಗೆ ಹಿಡಿದಿದ್ದಳು. ಅದರ ಮೇಲೆ ಮಕ್ಕಳ ಬರವಣಿಗೆಯಂಥ ದೊಡ್ಡ ಕನ್ನಡ ಅಕ್ಷರ: ‘ರಮ್ಯ’.

“ಮಂಚಮ್ಮನ್ನ ಕರಿ,” ಎಂದರು ಯಶೋಧರಮ್ಮ.

ಮಂಚಮ್ಮ ಬಂದಳು. ಪೆಟ್ಟಿಗೆ ಕಂಕುಳಲ್ಲೇ ಇತ್ತು. ಊಟಕ್ಕೂ ಅದನ್ನು ಕೆಳಗಿಟ್ಟಿರಲಿಲ್ಲ. ಮೊದಲ ಫೋಟೊ ನೋಡಿ, “ಯಾರವ್ವ ಈ ಮಗ? ಚೆಂದಾಗವ್ಳೆ” ಎಂದಳು.

ಎರಡನೆಯದನ್ನು ನೋಡಿದಳು.

ಫೋನನ್ನು ದೂರ ಹಿಡಿದು ನೋಡಿದಳು, ಹತ್ತಿರ ತಂದಳು. ಫೋಟೊದಲ್ಲಿನ ಹೆಂಗಸಿನ ಗಲ್ಲದ ಮೇಲೆ ಸಾಲಾಗಿ ಮೂರು ಚುಕ್ಕಿ ಹಚ್ಚೆ ಇತ್ತು. ಮಂಚಮ್ಮನ ಬೆರಳು ತಾನಾಗಿ ತನ್ನ ಗಲ್ಲಕ್ಕೆ ಹೋಯಿತು. ಅಲ್ಲೂ ಮೂರು ಚುಕ್ಕಿ.

“ಒಂದೇ ದಿವ್ಸ ಉಯ್ಯಿಸ್ಕೊಂಡಿದ್ವು,” ಎಂದಳು. “ನಾನು ಅತ್ತೆ, ಇವ್ಳು ನಕ್ಕಿದ್ಲು.”

“ಯಾರು ಮಂಚಮ್ಮ?”

“ನಮ್ಮಕ್ಕ ಕಣವ್ವ. ಅಣ್ಣಮ್ಮ.” ಅವಳ ಮುಖ ಒಮ್ಮೆಗೇ ಅರಳಿ, ಕಣ್ಣು ತುಂಬಿ, ನಗುವೋ ಅಳುವೋ ತಿಳಿಯದ ಸದ್ದೊಂದು ಹೊರಟಿತು. “ಬದುಕವ್ಳೆ! ಅಯ್ಯೋ ನನ್ನವ್ವ, ಸೀರೆ ಉಟ್ಕೊಂಡು ಕರಡಿ ಮುಂದೆ ನಿಂತವ್ಳೆ! ನಾನು ಇಪ್ಪತ್ತೆಂಟು ವರ್ಷದಿಂದ ಇವ್ಳ ತಿಥಿ ಮಾಡ್ತಿವ್ನಿ!”

ವಜೀರ್ ಪಾಷಾ ಟೋಪಿ ತೆಗೆದು ಆಕಾಶ ನೋಡಿದ. ಸಂತೋಷ್ ಕಣ್ಣೊರೆಸಿಕೊಂಡ. ಮಂಚಮ್ಮ ಫೋನಿಗೆ ಮುತ್ತಿಟ್ಟಳು. ಆ ಹುಡುಗಿಯ ಫೋಟೊಗೂ ಒಂದು ಮುತ್ತು ಕೊಟ್ಟಳು, ಯಾರೆಂದು ಗೊತ್ತಿಲ್ಲದೆಯೇ.

ಯಶೋಧರಮ್ಮ ಅವಳ ಬೆನ್ನು ಸವರಿದರು. ಆಮೇಲೆ ಮೆಲ್ಲಗೆ ಕೇಳಿದರು.

“ಅಣ್ಣಮ್ಮ ಹೋಗಿಬಿಟ್ಟರು ಅಂತ ನಿಮಗೆ ಆವಾಗ ಯಾರು ಹೇಳಿದ್ದು?”

“ಮಕ್ಕಳ ನೋಡ್ಕಳೋ ಕೆಲ್ಸ ಅಂತ ಒಬ್ಬರ ಮನೆಯೋರ ಜತೇಲಿ ಮುಂಬೈಗೆ ಓಗಿದ್ಲು ಅವ್ವ. ಆರು ತಿಂಗ್ಳು ಕಾಗ್ದ ಬತ್ತಿತ್ತು. ಆಮ್ಯಾಕೆ ನಿಂತೋಯ್ತು. ಅಲ್ಲೇ ಓಟ್ಲಾಗೆ ಕೆಲ್ಸಕ್ಕಿದ್ದ ನಮ್ಮೂರ ಉಡುಗ ಬಂದು ಏಳ್ದ, ಜ್ವರ ಬಂದು ತೀರ್ಕೊಂಡ್ಲು, ಅಲ್ಲೇ ಮಣ್ಣು ಮಾಡುದ್ವು ಅಂತ. ಅವಳ ಬಳೆ ತಂದ್ಕೊಟ್ಟ. ನಂಬ್ದೆ.”

“ಯಾರು ಆ ಹುಡುಗ?”

ಮಂಚಮ್ಮ ಬಾಯಿ ತೆರೆದಳು. ಹೇಳಬೇಕಾದ ಹೆಸರು ಆಗತಾನೇ ಅವಳಿಗೇ ಮೊದಲ ಸಲ ಕೇಳಿಸಿದಂತಿತ್ತು.

“ಸ್ವಾಮಿ,” ಎಂದಳು. “ನಮ್ಮ ಮಹದೇವಸ್ವಾಮಿ.”

ಯಶೋಧರಮ್ಮ ಗಿರಕ್ಕನೆ ತಿರುಗಿ ಊಟದ ಕೋಣೆಯೊಳಗೆ ಓಡಿದರು.

ಎರಡನೇ ಪಂಕ್ತಿ ಅರ್ಧಕ್ಕೆ ನಿಂತಿತ್ತು. ಪುಟ್ಟಲಕ್ಷ್ಮಮ್ಮ ಎಲೆಯ ಮುಂದೆ ಕೈ ಒಡ್ಡಿಕೊಂಡು ಕಾಯುತ್ತಿದ್ದಳು. ಅವಳ ಎದುರಿಗೆ ಪಾಯಸದ ಬಕೆಟ್ಟು, ಅದರೊಳಗೆ ಸೌಟು.

ಬಡಿಸುತ್ತಿದ್ದವನು ಮಾತ್ರ ಇರಲಿಲ್ಲ.